ರಕ್ತದ ರಿಪೋರ್ಟು ಏನು ಹೇಳುತ್ತದೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಉಪನ್ಯಾಸದ ಬರಹರೂಪ)



ಮುಖ್ಯೋಪಾಧ್ಯಾಯರು ಫೋನು ಮಾಡಿ, "ನೀನು ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೀಯಲ್ಲ, ಮಕ್ಕಳಿಗೆ ಉಪಯೋಗ ಆಗೋ ಹಾಗೆ ಅರ್ಧ ಗಂಟೆ ಮಾತಾಡು" ಎಂದರು. ಎಲ್ಲರೂ ಕಂಪ್ಯೂಟರಿನ ಬಗ್ಗೆ ಹೇಳುತ್ತಾನೆ ಎಂದುಕೊಂಡಿರಬಹುದು. ನಾನು ಹೇಳಲು ಹೊರಟಿರುವುದು ರಕ್ತ ಪರೀಕ್ಷೆಯ ಬಗ್ಗೆ. ಇದಕ್ಕೆ ಕಾರಣವಿದೆ. ನನ್ನ ಕೆಲಸ ನಡೆಯುವುದೇ ರಕ್ತ ಪರೀಕ್ಷೆಯ ಲ್ಯಾಬುಗಳಿಗಾಗಿ. ಲ್ಯಾಬಿನ ಯಂತ್ರ ರಕ್ತವನ್ನು ಅಳೆದು ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಯನ್ನು ಸರಿಯಾದ ರೋಗಿಯ ಹೆಸರಿನ ಮುಂದೆ ಕೂರಿಸಿ, ರಿಪೋರ್ಟಾಗಿ ಅಚ್ಚು ಹಾಕಿಸುವ ಸಾಫ್ಟ್‌ವೇರನ್ನು ನಾವು ಬರೆಯುತ್ತೇವೆ. ನಾನು ವೈದ್ಯನಲ್ಲ, ಓದಿದ್ದು ಬಿ.ಇ. ಔಷಧಿ ಹೇಳುವ ಅಧಿಕಾರ ನನಗಿಲ್ಲ, ಹೇಳುವುದೂ ಇಲ್ಲ. ಆದರೆ ಒಂದು ರಿಪೋರ್ಟು ಹೇಗೆ ಹುಟ್ಟುತ್ತದೆ, ಅದು ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದನ್ನು ದಿನವೂ ನೋಡುತ್ತೇನೆ. ಅಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಉದಾಹರಣೆಗೆ ಒಂದೇ ಒಂದು ವೈರಸ್ಸನ್ನು ಆರಿಸಿಕೊಂಡಿದ್ದೇನೆ. ಅದರ ಹೆಸರು ಎಪ್‌ಸ್ಟೀನ್-ಬಾರ್ ವೈರಸ್. ಚಿಕ್ಕದಾಗಿ ಇಬಿವಿ. ಈ ಹೆಸರನ್ನು ಕೇಳಿರುವವರು ಇಲ್ಲಿ ಕಡಿಮೆ ಇರಬಹುದು. ಆದರೆ ಇಲ್ಲಿ ಕುಳಿತಿರುವ ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಮೈಯಲ್ಲಿ ಈ ವೈರಸ್ಸು ಈಗಾಗಲೇ ಇದೆ ಎಂದರೆ ಗಾಬರಿಯಾಗಬೇಡಿ. ಅದು ಬಂದು ಎಷ್ಟೋ ವರ್ಷವಾಗಿದೆ, ಸುಮ್ಮನೆ ಮಲಗಿದೆ. ಪ್ರಪಂಚದ ಎಲ್ಲ ಕಡೆಯೂ ಹೀಗೆಯೇ.

ಇದು ಹರಡುವುದು ಮುಖ್ಯವಾಗಿ ಎಂಜಲಿನಿಂದ. ಒಂದೇ ಲೋಟದಲ್ಲಿ ಕಚ್ಚಿ ಕುಡಿಯುವುದು, ಅಜ್ಜಿ ತಾನು ಕಚ್ಚಿ ಮೆತ್ತಗೆ ಮಾಡಿ ಮಗುವಿನ ಬಾಯಿಗೆ ಇಡುವುದು, ಮಕ್ಕಳು ಒಂದೇ ಪೆಪ್ಪರಮಿಂಟನ್ನು ಹಂಚಿಕೊಳ್ಳುವುದು, ಮುತ್ತು ಕೊಡುವುದು. ನಮ್ಮಂಥ ದೇಶಗಳಲ್ಲಿ ಹೆಚ್ಚಿನ ಮಕ್ಕಳಿಗೆ ಇದು ಶಾಲೆಗೆ ಸೇರುವ ಮೊದಲೇ ಬಂದು ಹೋಗಿರುತ್ತದೆ. ಆ ವಯಸ್ಸಿನಲ್ಲಿ ಬಂದರೆ ಸಾಮಾನ್ಯವಾಗಿ ಏನೂ ಗೊತ್ತಾಗುವುದಿಲ್ಲ, ಅಥವಾ ಸಣ್ಣ ಶೀತ ಜ್ವರದಂತೆ ಬಂದು ಹೋಗುತ್ತದೆ. ಚಿಕ್ಕಂದಿನಲ್ಲಿ ತಪ್ಪಿಸಿಕೊಂಡು ಹದಿನೈದು, ಇಪ್ಪತ್ತರ ವಯಸ್ಸಿನಲ್ಲಿ ಮೊದಲ ಸಲ ಬಂದರೆ ಹಲವರನ್ನು ನೆಲ ಹಿಡಿಸುತ್ತದೆ. ಆ ಜ್ವರಕ್ಕೆ ವೈದ್ಯರು ಇನ್‌ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್ ಎನ್ನುತ್ತಾರೆ. ಜ್ವರ, ನುಂಗಲಾಗದಷ್ಟು ಗಂಟಲು ನೋವು, ಕುತ್ತಿಗೆಯಲ್ಲಿ ಊದಿದ ಗಂಟುಗಳು, ಏಳಲಾರದ ಸುಸ್ತು. ಕೆಲವರಿಗೆ ಎಡ ಪಕ್ಕೆಲುಬಿನ ಕೆಳಗಿರುವ ಗುಲ್ಮ ದೊಡ್ಡದಾಗುತ್ತದೆ.

ನನ್ನ ಅಕ್ಕನ ಮಗನಿಗೆ ಆದದ್ದು ಇದೇ. ಅವನೂ ಅಕ್ಕನೂ ಒಪ್ಪಿದ ಮೇಲೆಯೇ ಇಲ್ಲಿ ಹೇಳುತ್ತಿದ್ದೇನೆ. ಪಿಯುಸಿ ಓದಲು ಹಾಸ್ಟೆಲಿನಲ್ಲಿದ್ದ. ಕಬಡ್ಡಿಯಲ್ಲಿ ಒಳ್ಳೆಯ ರೈಡರ್. ಜ್ವರ ಬಂತು, ಗಂಟಲು ಕಟ್ಟಿತು. ಪಕ್ಕದ ಅಂಗಡಿಯಿಂದ ಅಮಾಕ್ಸಿಸಿಲಿನ್ ಮಾತ್ರೆ ತಂದು ನುಂಗಿದ. ನಾಲ್ಕು ದಿನಕ್ಕೆ ಮೈತುಂಬ ಕೆಂಪು ಗುಳ್ಳೆ ಎದ್ದವು. ಒಂದು ಲ್ಯಾಬಿನಲ್ಲಿ ವಿಡಾಲ್ ಪರೀಕ್ಷೆ ಮಾಡಿ ಟೈಫಾಯಿಡ್ ಎಂದರು. ಇನ್ನೊಬ್ಬರು ಮಾತ್ರೆಯ ಅಲರ್ಜಿ ಎಂದರು. ಹತ್ತು ದಿನ ಕಳೆದರೂ ಜ್ವರ ಬಿಡಲಿಲ್ಲ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಹದಿಮೂರು ದಿನ ಉಳಿದಿತ್ತು. ಜ್ವರ ಸ್ವಲ್ಪ ಇಳಿದ ಕೂಡಲೇ ಆಡಲು ಹೋಗುತ್ತೇನೆ ಎಂದು ಹಟ ಹಿಡಿದಿದ್ದ.

ಕೊನೆಗೆ ನೋಡಿದ ವೈದ್ಯರು ಅವನನ್ನು ಮಲಗಿಸಿ ಹೊಟ್ಟೆ ಒತ್ತಿ ನೋಡಿದರು. ಗುಲ್ಮ ಕೈಗೆ ಸಿಕ್ಕಿತು. ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಸಿದಾಗ ಬಿಳಿ ರಕ್ತಕಣಗಳಲ್ಲಿ ಒಂದು ಜಾತಿಯಾದ ಲಿಂಫೋಸೈಟುಗಳು ಎಂದಿನಂತಿರದೆ ದೊಡ್ಡದಾಗಿ, ಆಕಾರ ಕೆಟ್ಟು ಕಂಡವು. ಆಮೇಲೆ ಇಬಿವಿ ಪ್ರತಿಕಾಯ ಪರೀಕ್ಷೆ ಮಾಡಿಸಿದರು. ಅದರ ಫಲಿತಾಂಶ ಬಂದಾಗ ಅವರು ಹೇಳಿದ್ದು ಮೂರೇ ಮಾತು: ಇದಕ್ಕೆ ಆ್ಯಂಟಿಬಯೋಟಿಕ್ ಬೇಡ, ತಾನಾಗಿ ಇಳಿಯುತ್ತದೆ, ಆದರೆ ನಾನು ಹೇಳುವ ತನಕ ಕಬಡ್ಡಿ ಅಂಗಳಕ್ಕೆ ಕಾಲಿಡಬಾರದು. ಊದಿದ ಗುಲ್ಮಕ್ಕೆ ಪೆಟ್ಟು ಬಿದ್ದರೆ ಅದು ಒಡೆದು ಹೊಟ್ಟೆಯೊಳಗೇ ರಕ್ತ ಸುರಿಯಬಹುದು. ಹಾಗಾಗುವುದು ಅಪರೂಪ, ಆದರೆ ಆದರೆ ಜೀವಕ್ಕೇ ಅಪಾಯ. ಹಾಗಾಗಿ ಕಾಯಿಲೆ ಶುರುವಾದ ಮೇಲೆ ಕನಿಷ್ಠ ಮೂರು ನಾಲ್ಕು ವಾರ ಮೈಗೆ ಮೈ ತಾಗುವ ಆಟ, ಭಾರ ಎತ್ತುವುದು ಬೇಡ ಎನ್ನುತ್ತಾರೆ. ಗುಳ್ಳೆಗೂ ಉತ್ತರ ಸಿಕ್ಕಿತು. ಈ ಜ್ವರದಲ್ಲಿ ಆಂಪಿಸಿಲಿನ್, ಅಮಾಕ್ಸಿಸಿಲಿನ್ ನುಂಗಿದವರಲ್ಲಿ ಹಲವರಿಗೆ ಹೀಗೆ ಗುಳ್ಳೆ ಏಳುವುದು ವೈದ್ಯರಿಗೆ ಬಹಳ ಹಿಂದಿನಿಂದಲೂ ಗೊತ್ತು. ಅದನ್ನು ಜೀವನಪೂರ್ತಿಯ ಅಲರ್ಜಿ ಎಂದು ನಾವೇ ಬರೆದುಕೊಳ್ಳಬಾರದು.

ಒಂದು ಪಂದ್ಯ ತಪ್ಪಿತು, ಹುಡುಗ ಉಳಿದ. ಈ ಪರೀಕ್ಷೆಯ ಹಿಂದೆ ಏನಿದೆ ಎಂದು ನಾನು ಕೂತು ಓದಲು ಶುರು ಮಾಡಿದ್ದು ಆಗ.

ಮೊದಲು ವೈರಸ್ಸು ಸಿಕ್ಕಿದ ಕತೆ. ಆಫ್ರಿಕಾದ ಉಗಾಂಡಾದಲ್ಲಿ ಡೆನಿಸ್ ಬರ್ಕಿಟ್ ಎಂಬ ಶಸ್ತ್ರವೈದ್ಯರಿದ್ದರು. ಅಲ್ಲಿನ ಪುಟ್ಟ ಮಕ್ಕಳ ದವಡೆಯಲ್ಲಿ ಬೇಗ ಬೆಳೆಯುವ ಒಂದು ಗೆಡ್ಡೆಯನ್ನು ಅವರು ಗಮನಿಸಿ 1958ರಲ್ಲಿ ಬರೆದರು. 1961ರಲ್ಲಿ ಲಂಡನ್ನಿನಲ್ಲಿ ಅವರು ಇದರ ಬಗ್ಗೆ ಮಾತನಾಡಿದಾಗ ಆಂಟನಿ ಎಪ್‌ಸ್ಟೀನ್ ಎಂಬ ವಿಜ್ಞಾನಿ ಕೇಳಿಸಿಕೊಂಡರು. ಇದರ ಹಿಂದೆ ವೈರಸ್ ಇರಬೇಕು ಎಂಬ ಸಂಶಯ ಅವರಿಗೆ ಬಂತು. ಉಗಾಂಡಾದಿಂದ ವಿಮಾನದಲ್ಲಿ ಗೆಡ್ಡೆಯ ಚೂರುಗಳನ್ನು ತರಿಸಿ ಎರಡು ವರ್ಷ ಹುಡುಕಿದರೂ ಏನೂ ಕಾಣಲಿಲ್ಲ. 1963ರ ಚಳಿಗಾಲದಲ್ಲಿ ಒಂದು ದಿನ ಲಂಡನ್ನಿನಲ್ಲಿ ಮಂಜು ಕವಿದು ವಿಮಾನ ಮ್ಯಾಂಚೆಸ್ಟರಿಗೆ ಹೋಯಿತು. ಚೂರು ಕೈಗೆ ಸೇರುವಾಗ ತಡವಾಗಿ, ಸೀಸೆಯ ನೀರು ಕಲಕಿತ್ತು. ಕೊಳೆತಿದೆ ಎಂದು ಚೆಲ್ಲಬಹುದಿತ್ತು. ಎಪ್‌ಸ್ಟೀನ್ ಅದರ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದರು. ಗೆಡ್ಡೆಯ ಜೀವಕೋಶಗಳು ಬಿಡಿಬಿಡಿಯಾಗಿ, ಜೀವಂತವಾಗಿ ತೇಲುತ್ತಿದ್ದವು. ಹಾಗೆ ತೇಲುವ ಸ್ಥಿತಿಯಲ್ಲೇ ಅವನ್ನು ಬೆಳೆಸಬಹುದು ಎಂದು ಹೊಳೆದದ್ದು ಆಗ. ಹಾಗೆ ಬೆಳೆದ ಕೋಶಗಳೊಳಗೆ 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸು ಕಂಡಿತು. ಎಪ್‌ಸ್ಟೀನ್, ಬರ್ಟ್ ಅಚಾಂಗ್, ಇವಾನ್ ಬಾರ್ ಮೂವರೂ ಸೇರಿ ಅದನ್ನು ಪ್ರಕಟಿಸಿದರು.

ಆದರೆ ಈ ವೈರಸ್ಸಿಗೂ ಗಂಟಲು ನೋವಿನ ಜ್ವರಕ್ಕೂ ಸಂಬಂಧವಿದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತೋರಿಸಿಕೊಟ್ಟದ್ದು ಪ್ರತಿಕಾಯ ಪರೀಕ್ಷೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ವೆರ್ನರ್ ಹೆನ್ಲೆ, ಗೆರ್ಟ್ರೂಡ್ ಹೆನ್ಲೆ ಎಂಬ ದಂಪತಿ 1966ರಲ್ಲಿ ಈ ವೈರಸ್ಸಿನ ವಿರುದ್ಧದ ಪ್ರತಿಕಾಯವನ್ನು ಪತ್ತೆ ಮಾಡುವ ವಿಧಾನ ಕಂಡುಹಿಡಿದರು. ಪರೀಕ್ಷೆ ಮಾಡಿದ ದೊಡ್ಡವರಲ್ಲಿ ಬಹುಪಾಲು ಜನರ ರಕ್ತದಲ್ಲಿ ಅದು ಸಿಕ್ಕಿತು. ಅವರ ಲ್ಯಾಬಿನಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಯುವತಿಯ ರಕ್ತದಲ್ಲಿ ಮಾತ್ರ ಇರಲಿಲ್ಲ. ಹಾಗಾಗಿ ಹೋಲಿಸಿ ನೋಡಲು ಆಕೆಯ ರಕ್ತವನ್ನೇ ಬಳಸುತ್ತಿದ್ದರು. 1967ರಲ್ಲಿ ಆಕೆಗೆ ಮಾನೋನ್ಯೂಕ್ಲಿಯೋಸಿಸ್ ಜ್ವರ ಬಂತು. ಗುಣವಾಗಿ ಕೆಲಸಕ್ಕೆ ಮರಳಿದಾಗ ಪರೀಕ್ಷಿಸಿದರೆ, ಮೊದಲು ಇಲ್ಲದಿದ್ದ ಪ್ರತಿಕಾಯ ಈಗ ಇತ್ತು. ಒಬ್ಬರಿಂದ ತೀರ್ಮಾನಕ್ಕೆ ಬರಬಾರದಲ್ಲ? ಯೇಲ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ರಕ್ತವನ್ನು ಈ ಜ್ವರ ಬರುವ ಮೊದಲೂ ಬಂದ ಮೇಲೂ ತೆಗೆದು ಶೀತಲ ಪೆಟ್ಟಿಗೆಯಲ್ಲಿ ಕಾಪಿಟ್ಟಿದ್ದರು. ಅದನ್ನು ಪರೀಕ್ಷಿಸಿದಾಗಲೂ ಅದೇ ಉತ್ತರ: ಜ್ವರಕ್ಕೆ ಮೊದಲು ಪ್ರತಿಕಾಯ ಇಲ್ಲ, ಜ್ವರದ ನಂತರ ಇದೆ. 1968ರಲ್ಲಿ ಇದು ಪ್ರಕಟವಾಯಿತು. ವಿಜ್ಞಾನದ ತರಗತಿಯಲ್ಲಿ ನಮ್ಮ ಮೇಷ್ಟ್ರು "ಹೋಲಿಕೆಗೆ ಒಂದು ಇರಬೇಕು ಕಣ್ರೋ" ಎಂದು ಎರಡು ಕುಂಡಗಳಲ್ಲಿ ಹೆಸರುಕಾಳು ಬಿತ್ತಿಸುತ್ತಿದ್ದರು. ಒಂದನ್ನು ಬಿಸಿಲಿಗೆ, ಒಂದನ್ನು ಕತ್ತಲೆಗೆ. ಅದೇ ಪಾಠ ಇದು.

ಈಗ ಪ್ರತಿಕಾಯ ಎಂದರೇನು ಎಂದು ನೋಡೋಣ. ಊರಿಗೆ ರಾತ್ರಿ ಕಳ್ಳ ನುಗ್ಗಿದ ಎಂದಿಟ್ಟುಕೊಳ್ಳಿ. ಮೊದಲು ಓಡಿ ಬರುವವರು ಕೈಗೆ ಸಿಕ್ಕ ದೊಣ್ಣೆ, ಬ್ಯಾಟರಿ ಹಿಡಿದು ಬರುತ್ತಾರೆ. ಗಲಾಟೆ ಮುಗಿದ ಮೇಲೆ ಮನೆಗೆ ಹೋಗುತ್ತಾರೆ. ನಮ್ಮ ರಕ್ತದಲ್ಲಿ ಹೀಗೆ ಮೊದಲು ಬರುವ ಪ್ರತಿಕಾಯ ಐಜಿಎಂ. ಆಮೇಲೆ ಆ ಕಳ್ಳನ ಗುರುತು ಚೆನ್ನಾಗಿ ಬಲ್ಲ ಕಾವಲುಗಾರರನ್ನು ಊರು ಕಾಯಂ ಆಗಿ ನೇಮಿಸುತ್ತದೆ. ಅದು ಐಜಿಜಿ. ಕಳ್ಳ ಹೋಗಿ ಮೂವತ್ತು ವರ್ಷವಾದರೂ ಕಾವಲು ಇರುತ್ತದೆ. ಆದ್ದರಿಂದ ಐಜಿಎಂ ಕಂಡರೆ "ಈಗ ಗಲಾಟೆ ನಡೆಯುತ್ತಿರಬಹುದು" ಎಂದೂ, ಐಜಿಜಿ ಒಂದೇ ಕಂಡರೆ "ಎಂದೋ ಒಮ್ಮೆ ನಡೆದಿತ್ತು" ಎಂದೂ ಓದಬೇಕು.

ಇಬಿವಿ ಪರೀಕ್ಷೆಯಲ್ಲಿ ಇನ್ನೊಂದು ಜಾಣತನವಿದೆ. ವೈರಸ್ಸಿನ ಯಾವ ಭಾಗದ ವಿರುದ್ಧ ಪ್ರತಿಕಾಯ ಹುಟ್ಟಿದೆ ಎಂಬುದನ್ನೂ ನೋಡುತ್ತಾರೆ. ವೈರಸ್ಸಿನ ಹೊರ ಕವಚದ ಪ್ರೋಟೀನಿಗೆ ವಿಸಿಎ ಎಂದು ಹೆಸರು. ವೈರಸ್ಸು ನಮ್ಮ ಬಿಳಿ ರಕ್ತಕಣದೊಳಗೆ ಅಡಗಿ ಕೂರುವಾಗ ಆ ಕಣದ ಕೇಂದ್ರದಲ್ಲಿ ತಯಾರಾಗುವ ಪ್ರೋಟೀನಿಗೆ ಎಬ್ನಾ ಎಂದು ಹೆಸರು. ಕವಚದ ವಿರುದ್ಧ ಐಜಿಎಂ ಬೇಗ ಬರುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಹೋಗುತ್ತದೆ. ಕವಚದ ವಿರುದ್ಧ ಐಜಿಜಿಯೂ ಜ್ವರದ ದಿನಗಳಲ್ಲೇ ಬಂದು, ಎರಡರಿಂದ ನಾಲ್ಕು ವಾರದಲ್ಲಿ ಏರಿ, ಸ್ವಲ್ಪ ಇಳಿದು, ಜೀವನಪೂರ್ತಿ ಉಳಿಯುತ್ತದೆ. ಎಬ್ನಾ ವಿರುದ್ಧದ ಪ್ರತಿಕಾಯ ನಿಧಾನಿ. ಕಾಯಿಲೆ ಶುರುವಾಗಿ ಎರಡರಿಂದ ನಾಲ್ಕು ತಿಂಗಳಿಗೆ ಮೆಲ್ಲಗೆ ಕಾಣಿಸಿಕೊಂಡು, ಆಮೇಲೆ ಅದೂ ಜೀವನಪೂರ್ತಿ ಇರುತ್ತದೆ. ಅಂದರೆ ಇವು ಮೂರೂ ಸೇರಿದರೆ ಒಂದು ಕ್ಯಾಲೆಂಡರ್ ಆಯಿತು.

ಒಂಬತ್ತು, ಹತ್ತನೆಯ ತರಗತಿಯ ಮಕ್ಕಳು ಕೇಳಿ. ಮೂರು ಪ್ರಶ್ನೆ, ಪ್ರತಿಯೊಂದಕ್ಕೂ ಇದೆ ಅಥವಾ ಇಲ್ಲ ಎಂಬ ಎರಡೇ ಉತ್ತರ. ಒಟ್ಟು ಎಷ್ಟು ಸಾಧ್ಯತೆ? ಎರಡು ಗುಣಿಸು ಎರಡು ಗುಣಿಸು ಎರಡು, ಎಂಟು. ಅದರಲ್ಲಿ ಮುಖ್ಯವಾದವು ಇವು.

ಮೂರೂ ಇಲ್ಲ: ಈ ವೈರಸ್ಸು ಇನ್ನೂ ಬಂದಿಲ್ಲ. ಅಥವಾ ಕಾಯಿಲೆಯ ಮೊದಲ ದಿನಗಳಲ್ಲೇ, ಪ್ರತಿಕಾಯ ಹುಟ್ಟುವ ಮೊದಲೇ ರಕ್ತ ತೆಗೆದಿದ್ದಾರೆ.

ವಿಸಿಎ ಐಜಿಎಂ ಇದೆ, ಎಬ್ನಾ ಇಲ್ಲ: ಈಗಿನ, ಹೊಸ ಸೋಂಕು. ನನ್ನ ಅಕ್ಕನ ಮಗನ ರಿಪೋರ್ಟು ಹೀಗಿತ್ತು.

ವಿಸಿಎ ಐಜಿಎಂ ಇಲ್ಲ, ವಿಸಿಎ ಐಜಿಜಿ ಇದೆ, ಎಬ್ನಾ ಇದೆ: ಹಳೆಯ ಸೋಂಕು. ತಿಂಗಳುಗಳ ಅಥವಾ ವರ್ಷಗಳ ಹಿಂದೆ ಬಂದು ಹೋಗಿದೆ. ಈಗಿನ ಜ್ವರಕ್ಕೆ ಬೇರೆ ಕಾರಣ ಹುಡುಕಬೇಕು.

ಮೂರೂ ಇವೆ, ಅಥವಾ ವಿಸಿಎ ಐಜಿಜಿ ಒಂದೇ ಇದೆ: ಇದೊಂದು ಕಾಗದದಿಂದ ತೀರ್ಮಾನ ಹೇಳಲಾಗದು. ವೈದ್ಯರು ರೋಗಿಯನ್ನು ನೋಡಿ, ಬೇಕಾದರೆ ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ತೆಗೆಸಿ ಹೋಲಿಸುತ್ತಾರೆ. ಸೋಂಕು ಆದವರಲ್ಲಿ ಕೆಲವರಿಗೆ ಎಬ್ನಾ ಪ್ರತಿಕಾಯ ಎಂದೂ ಹುಟ್ಟುವುದೇ ಇಲ್ಲ, ಅದೂ ನೆನಪಿರಬೇಕು.

ಲ್ಯಾಬಿನೊಳಗೆ ಇದು ನಡೆಯುವುದು ಹೆಚ್ಚಾಗಿ ಎಲೈಸಾ ಎಂಬ ವಿಧಾನದಲ್ಲಿ, ಅಥವಾ ಅದೇ ತತ್ವದ ಹೊಸ ಯಂತ್ರಗಳಲ್ಲಿ. ಎಲೈಸಾ 1971ರಲ್ಲಿ ಬಂದದ್ದು. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ 96 ಪುಟ್ಟ ಗುಂಡಿಗಳು, ನಮ್ಮ ಚೆನ್ನೆಮಣೆ ಇದ್ದ ಹಾಗೆ. ಗುಂಡಿಯ ತಳಕ್ಕೆ ವೈರಸ್ಸಿನ ಪ್ರೋಟೀನನ್ನು ಮೊದಲೇ ಅಂಟಿಸಿರುತ್ತಾರೆ. ರೋಗಿಯ ರಕ್ತದಿಂದ ಬೇರ್ಪಡಿಸಿದ ತಿಳಿ ಸೀರಂ ಹಾಕುತ್ತಾರೆ. ಅದರಲ್ಲಿ ಪ್ರತಿಕಾಯ ಇದ್ದರೆ ಪ್ರೋಟೀನಿಗೆ ಕಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ತೊಳೆದಾಗ ಎಲ್ಲವೂ ಹೊರಟುಹೋಗುತ್ತದೆ. ಆಮೇಲೆ ಮನುಷ್ಯನ ಪ್ರತಿಕಾಯವನ್ನು ಹಿಡಿಯುವ, ಕಿಣ್ವ ಅಂಟಿಸಿದ ಇನ್ನೊಂದು ದ್ರವ. ಮತ್ತೆ ತೊಳೆಯುವುದು. ಕೊನೆಗೆ ಬಣ್ಣ ತರುವ ದ್ರವ. ಕಿಣ್ವ ಉಳಿದ ಕಡೆ ನೀಲಿ ಬಣ್ಣ ಬರುತ್ತದೆ, ಆಮ್ಲ ಹಾಕಿದರೆ ಹಳದಿಗೆ ತಿರುಗುತ್ತದೆ. ಹಳದಿ ಎಷ್ಟು ಗಾಢ ಎಂದು ಯಂತ್ರ ಬೆಳಕು ಹಾಯಿಸಿ ಅಳೆದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆ ಒಂದು ಗೆರೆಗಿಂತ ಮೇಲಿದ್ದರೆ ಪಾಸಿಟಿವ್, ಕೆಳಗಿದ್ದರೆ ನೆಗೆಟಿವ್, ಗೆರೆಯ ಹತ್ತಿರವಿದ್ದರೆ ಸಂಶಯ. ಗೆರೆ ಎಲ್ಲಿ ಎಳೆಯಬೇಕು ಎನ್ನುವುದು ಕಿಟ್ ಮಾಡಿದವರನ್ನು ಅವಲಂಬಿಸುತ್ತದೆ. ಆದ್ದರಿಂದ ಒಂದು ಲ್ಯಾಬಿನ 40 ಅನ್ನೂ ಇನ್ನೊಂದು ಲ್ಯಾಬಿನ 90 ಅನ್ನೂ ಹೋಲಿಸಿ "ಕಾಯಿಲೆ ಎರಡು ಪಾಲು ಹೆಚ್ಚಾಯಿತು" ಎನ್ನಬಾರದು.

ಇದಕ್ಕೂ ಹಿಂದಿನ ಸುಲಭ ಪರೀಕ್ಷೆಯೊಂದಿದೆ. ಈ ಜ್ವರ ಬಂದವರ ಸೀರಂ ಕುರಿಯ ಕೆಂಪು ರಕ್ತಕಣಗಳನ್ನು ಗುಂಪುಗೂಡಿಸುತ್ತದೆ ಎಂದು ಪಾಲ್ ಮತ್ತು ಬನೆಲ್ 1932ರಲ್ಲೇ ಕಂಡಿದ್ದರು. ವೈರಸ್ಸು ಸಿಗುವುದಕ್ಕೆ ಮೂವತ್ತೆರಡು ವರ್ಷ ಮೊದಲು! ಅದೇ ಮುಂದೆ ಮಾನೋಸ್ಪಾಟ್ ಎಂಬ ಬೇಗನೆ ಮುಗಿಯುವ ಪರೀಕ್ಷೆಯಾಯಿತು. ಆದರೆ ಚಿಕ್ಕ ಮಕ್ಕಳಲ್ಲಿ ಕಾಯಿಲೆ ಇದ್ದರೂ ಅದು ಹಲವು ಸಲ ನೆಗೆಟಿವ್ ಬರುತ್ತದೆ, ಕಾಯಿಲೆಯ ಮೊದಲ ವಾರದಲ್ಲೂ ತಪ್ಪಬಹುದು.

ಐಜಿಎಂ ಕೂಡ ದೇವರ ಮಾತಲ್ಲ. ಸೈಟೋಮೆಗಾಲೋ ಎಂಬ ಇನ್ನೊಂದು ವೈರಸ್ಸು ಬಂದಾಗಲೂ, ಕೆಲವು ಸಂಧಿವಾತದ ರೋಗಿಗಳಲ್ಲೂ ಇಬಿವಿ ಐಜಿಎಂ ಸುಳ್ಳು ಪಾಸಿಟಿವ್ ತೋರಿಸಬಹುದು. ಒಂದು ಲೆಕ್ಕ ಹಾಕೋಣ. ಇದು ಕಲ್ಪನೆಯ ಲೆಕ್ಕ, ಯಾವ ಲ್ಯಾಬಿನದೂ ಅಲ್ಲ. ಸುಸ್ತು ಎಂದು ಬಂದ 1000 ದೊಡ್ಡವರಿಗೆ ಪರೀಕ್ಷೆ ಮಾಡಿದೆವು. ಅವರಲ್ಲಿ ನಿಜವಾದ ಹೊಸ ಸೋಂಕು ಇರುವುದು ಇಬ್ಬರಿಗೆ. ಪರೀಕ್ಷೆ ನೂರಕ್ಕೆ ಮೂರು ಸಲ ಸುಳ್ಳು ಪಾಸಿಟಿವ್ ಕೊಡುತ್ತದೆ. ಆಗ ಸುಮಾರು ಮೂವತ್ತು ಸುಳ್ಳು ಪಾಸಿಟಿವ್, ಎರಡು ನಿಜ. ಕೈಯಲ್ಲಿ ಪಾಸಿಟಿವ್ ಕಾಗದ ಹಿಡಿದ ಮೂವತ್ತೆರಡು ಜನರಲ್ಲಿ ಕಾಯಿಲೆ ಇರುವುದು ಇಬ್ಬರಿಗೆ! ಅದೇ ಪರೀಕ್ಷೆಯನ್ನು ಜ್ವರ, ಗಂಟಲು ನೋವು, ಊದಿದ ಗಂಟು, ದೊಡ್ಡ ಗುಲ್ಮ ಇರುವ ಹದಿಹರೆಯದವರಿಗೆ ಮಾಡಿದರೆ ಬಹುಪಾಲು ಪಾಸಿಟಿವ್ ನಿಜವಾಗಿರುತ್ತದೆ. ಪರೀಕ್ಷೆ ಒಂದೇ, ಕಿಟ್ ಒಂದೇ. ಯಾರಿಗೆ ಮಾಡಿದೆವು ಎಂಬುದರ ಮೇಲೆ ಉತ್ತರದ ಬೆಲೆ ಬದಲಾಗುತ್ತದೆ. ಮೊದಲು ವೈದ್ಯರು ಮೈ ಮುಟ್ಟಿ ನೋಡಬೇಕು, ಆಮೇಲೆ ಲ್ಯಾಬು ಎನ್ನುವುದು ಇದಕ್ಕೇ.

ಈಗ ಎರಡನೆಯ ಮನೆಯ ಕತೆ. ನಮ್ಮ ಬಂಧುವೊಬ್ಬರು, ಎರಡು ಮಕ್ಕಳ ತಾಯಿ. ಅವರೂ ಒಪ್ಪಿಗೆ ಕೊಟ್ಟಿದ್ದಾರೆ, ಹೆಸರು ಮಾತ್ರ ಬೇಡ ಎಂದರು. ಒಂದೂವರೆ ವರ್ಷದಿಂದ ಸುಸ್ತು. ಹಿತ್ತಲಿನ ಬಾವಿಯಿಂದ ಎರಡು ಕೊಡ ನೀರು ತಂದರೆ ಏದುಸಿರು. ಪೇಟೆಯಲ್ಲಿ ಯಾರೋ ಹೇಳಿದರೆಂದು ದೊಡ್ಡದೊಂದು ಪ್ಯಾಕೇಜ್ ಪರೀಕ್ಷೆ ಮಾಡಿಸಿದರು. ರಿಪೋರ್ಟಿನಲ್ಲಿ ಇಬಿವಿ ವಿಸಿಎ ಐಜಿಜಿ ಪಾಸಿಟಿವ್, ಎಬ್ನಾ ಐಜಿಜಿ ಪಾಸಿಟಿವ್, ಎರಡೂ ದಪ್ಪ ಅಕ್ಷರದಲ್ಲಿ, ಪಕ್ಕದಲ್ಲಿ ನಕ್ಷತ್ರದ ಗುರುತು. "ನಿಮ್ಮ ರಕ್ತದಲ್ಲಿ ವೈರಸ್ ಕೂತಿದೆ, ಅದನ್ನು ಹೊರಹಾಕಬೇಕು" ಎಂದು ಒಬ್ಬರು ಪುಡಿ, ಕಷಾಯ ಮಾರಿದರು. ಅಡಿಕೆ ಮಾರಿದ ದುಡ್ಡಿನಲ್ಲಿ ದೊಡ್ಡ ಪಾಲು ಅಲ್ಲಿಗೆ ಹೋಯಿತು. ದುಡ್ಡು ಹೋದರೆ ಹೋಗಲಿ. ಎಂಜಲಿನಿಂದ ಹರಡುತ್ತದೆ ಎಂದು ಕೇಳಿದ ಆ ತಾಯಿ ಏಳು ತಿಂಗಳು ತನ್ನ ಮನೆಯಲ್ಲೇ ತನಗೆ ಬೇರೆ ತಟ್ಟೆ, ಬೇರೆ ಲೋಟ ಇಟ್ಟುಕೊಂಡರು. ಮೂರು ವರ್ಷದ ಚಿಕ್ಕ ಮಗಳನ್ನು ಅಜ್ಜಿಯ ಪಕ್ಕ ಮಲಗಿಸಿದರು. ಮಗಳು ಓಡಿ ಬಂದು ಕೆನ್ನೆಗೆ ಕೆನ್ನೆ ತಾಗಿಸಲು ಹೋದರೆ ಹಿಂದೆ ಸರಿಯುತ್ತಿದ್ದರು.

ಕೊನೆಗೆ ತಾಲ್ಲೂಕು ಆಸ್ಪತ್ರೆಯ ಒಬ್ಬ ವೈದ್ಯೆ ಅವರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಬಿಳಚಿಕೊಂಡಿತ್ತು. ಹಿಮೋಗ್ಲೋಬಿನ್ ಮಾಡಿಸಿದರು, 7ರ ಹತ್ತಿರ. ಕಬ್ಬಿಣದ ಕೊರತೆ, ಅದಕ್ಕೆ ಕಾರಣ ತಿಂಗಳ ಅತಿಯಾದ ಸ್ರಾವ. ಆ ದಪ್ಪ ರಿಪೋರ್ಟನ್ನು ತೋರಿಸಿದಾಗ ವೈದ್ಯೆ, "ಅಮ್ಮಾ, ಈ ಎರಡು ಸಾಲು ನನ್ನ ರಕ್ತದಲ್ಲೂ ಹೀಗೇ ಬರುತ್ತೆ. ನಿಮ್ಮ ಅತ್ತೆಯದರಲ್ಲೂ ಬರುತ್ತೆ. ಮಗು ದೂರ ಇಡೋದು ಬೇಡ" ಎಂದರಂತೆ. ಕಬ್ಬಿಣದ ಮಾತ್ರೆ, ಮೂಲ ಕಾರಣಕ್ಕೆ ಚಿಕಿತ್ಸೆ, ನಾಲ್ಕು ತಿಂಗಳಲ್ಲಿ ಮನುಷ್ಯರಾದರು.

ಇಲ್ಲಿ ನನ್ನ ವೃತ್ತಿಯ ಮಾತು ಬರುತ್ತದೆ. ಆ ದಪ್ಪ ಅಕ್ಷರ ಹಾಕುವುದು ವೈದ್ಯರಲ್ಲ, ಸಾಫ್ಟ್‌ವೇರು. ಇರಬೇಕಾದದ್ದು ನೆಗೆಟಿವ್ ಎಂದು ಒಂದು ಕಡೆ ಬರೆದಿರುತ್ತದೆ, ಬಂದದ್ದು ಪಾಸಿಟಿವ್. ಎರಡೂ ಬೇರೆ ಎಂದು ಕಂಡ ಕೂಡಲೇ ಯಂತ್ರ ನಕ್ಷತ್ರ ಒತ್ತುತ್ತದೆ. ಪಾಸಿಟಿವ್ ಎಂಬುದು ಇಡೀ ಊರಿನಲ್ಲೇ ಸಾಮಾನ್ಯ ಎಂದು ಅದಕ್ಕೆ ಗೊತ್ತಿಲ್ಲ. ನಕ್ಷತ್ರದ ಅರ್ಥ "ಇಲ್ಲಿ ನೋಡಿ" ಎಂದಷ್ಟೇ, "ಇಲ್ಲಿ ರೋಗವಿದೆ" ಎಂದಲ್ಲ. ಈ ಘಟನೆಯ ನಂತರ ನಮ್ಮ ತಂಡದ ಸಭೆಯಲ್ಲಿ ನಾನು ಒಂದು ಸಲಹೆ ಇಟ್ಟೆ: ಇಬಿವಿಯ ಮೂರು ಸಾಲುಗಳನ್ನು ಬೇರೆ ಬೇರೆ ಹಾಳೆಯಲ್ಲಿ ಅಚ್ಚಾಗಲು ಬಿಡದೆ ಒಟ್ಟಿಗೆ ತರಬೇಕು, ಕೆಳಗೆ "ಹಳೆಯ ಸೋಂಕಿನ ಗುರುತು" ಅಥವಾ "ಹೊಸ ಸೋಂಕು ಇರಬಹುದು, ವೈದ್ಯರನ್ನು ಕಾಣಿ" ಎಂದು ಪೆಥಾಲಜಿಸ್ಟ್ ಒಪ್ಪಿದ ಒಂದು ವಾಕ್ಯ ಬರಬೇಕು. ಅದಕ್ಕೆ ಆರು ತಿಂಗಳು ಚರ್ಚೆ ನಡೆಯಿತು. ಈಗ ನಮ್ಮ ಸಾಫ್ಟ್‌ವೇರು ಬಳಸುವ ಕೆಲವು ಲ್ಯಾಬುಗಳಲ್ಲಿ ಆ ವಾಕ್ಯ ಬರುತ್ತಿದೆ. ಕನ್ನಡದಲ್ಲೂ ಅಚ್ಚು ಮಾಡಬೇಕು ಎಂಬುದು ನನ್ನ ಮುಂದಿನ ಆಸೆ.

ಇಬಿವಿ ಒಂದು ನೆಪ ಅಷ್ಟೇ. ಇದೇ ಓದುವ ಕ್ರಮ ನಮ್ಮ ಮಲೆನಾಡಿನ ಎಲ್ಲ ಜ್ವರಕ್ಕೂ ಬೇಕು. ವಿಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಅದೂ ಪ್ರತಿಕಾಯವನ್ನೇ ನೋಡುವುದು. ಹಿಂದೆ ಟೈಫಾಯಿಡ್ ಬಂದವರಲ್ಲಿ, ಲಸಿಕೆ ಹಾಕಿಸಿಕೊಂಡವರಲ್ಲಿ, ಬೇರೆ ಜ್ವರ ಇರುವವರಲ್ಲೂ ಪಾಸಿಟಿವ್ ಬರಬಹುದು. ಟೈಫಾಯಿಡ್ ಖಚಿತವಾಗಬೇಕಾದರೆ ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲು ಬ್ಲಡ್ ಕಲ್ಚರ್ ಮಾಡಿಸುವುದು ಉತ್ತಮ. ಡೆಂಗಿಯಲ್ಲಿ ಮೊದಲ ದಿನಗಳಲ್ಲಿ ನೋಡುವ ಎನ್‌ಎಸ್1 ವೈರಸ್ಸಿನದೇ ಪ್ರೋಟೀನು. ಸುಮಾರು ಐದನೆಯ ದಿನದಿಂದ ಐಜಿಎಂ ಸಿಗುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಗೂ ಹಾಗೆಯೇ, ಆರಂಭದಲ್ಲಿ ಪಿಸಿಆರ್, ಆಮೇಲೆ ಐಜಿಎಂ. ಆದ್ದರಿಂದ ಆರೋಗ್ಯ ಕಾರ್ಯಕರ್ತೆ ಬಂದು "ಜ್ವರ ಯಾವ ದಿನ ಶುರುವಾಯಿತು?" ಎಂದು ಕೇಳಿದರೆ "ಮೊನ್ನೆಯೋ ಆಚೆ ಮೊನ್ನೆಯೋ" ಎನ್ನಬೇಡಿ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಆ ಒಂದು ತಾರೀಖು ಇಲ್ಲದಿದ್ದರೆ ಯಾವ ಪರೀಕ್ಷೆ ಮಾಡಬೇಕು, ಬಂದ ಉತ್ತರವನ್ನು ಎಷ್ಟು ನಂಬಬೇಕು ಎಂಬುದೇ ಗೊತ್ತಾಗುವುದಿಲ್ಲ.

ಹಳೆಯ ರಕ್ತದ ತಾರೀಖು ಎಷ್ಟು ದೊಡ್ಡ ಕೆಲಸ ಮಾಡಬಲ್ಲದು ಎಂಬುದಕ್ಕೆ ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿದೆ. ಅಮೆರಿಕದ ಸೇನೆಯಲ್ಲಿ ಒಂದು ಕೋಟಿಗೂ ಹೆಚ್ಚು ಯುವಕ ಯುವತಿಯರ ದಾಖಲೆ ಮತ್ತು ಕಾಪಿಟ್ಟ ಸೀರಂ ಇತ್ತು. ಅದನ್ನು ನೋಡಿದ ಸಂಶೋಧಕರು 2022ರಲ್ಲಿ ಪ್ರಕಟಿಸಿದ್ದು: ಇಬಿವಿ ಸೋಂಕು ಆದ ನಂತರ ಆ ರೋಗದ ಅಪಾಯ 32 ಪಟ್ಟು ಏರಿತ್ತು. ಹೆದರಬೇಡಿ. ಇಬಿವಿ ಬಹುತೇಕ ಎಲ್ಲರಿಗೂ ಬರುತ್ತದೆ, ಆ ನರರೋಗ ಬರುವುದು ತೀರಾ ಕೆಲವರಿಗೆ, ಬೇರೆ ಕಾರಣಗಳೂ ಕೂಡಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಳಿದ್ದು ಮಾತ್ರ ತಾರೀಖು ಬರೆದಿಟ್ಟ ಆ ಸೀಸೆಗಳು. ಇಬಿವಿಗೆ ಲಸಿಕೆ ಇನ್ನೂ ಬಳಕೆಗೆ ಬಂದಿಲ್ಲ, ಪ್ರಯತ್ನ ನಡೆದಿದೆ.

ಮನೆಗೆ ಹೋಗುವಾಗ ಇಷ್ಟು ನೆನಪಿಟ್ಟುಕೊಳ್ಳಿ. ಗಂಟಲು ನೋವಿಗೆ ಅಂಗಡಿಯಿಂದ ನೀವೇ ಆ್ಯಂಟಿಬಯೋಟಿಕ್ ತರಬೇಡಿ. ಹದಿಹರೆಯದ ಮಕ್ಕಳಿಗೆ ಜ್ವರ, ಗಂಟಲು ನೋವು, ಕುತ್ತಿಗೆಯ ಗಂಟು ವಾರ ಕಳೆದರೂ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಉಸಿರಾಡಲು ಕಷ್ಟವಾದರೆ, ಹೊಟ್ಟೆಯ ಎಡ ಮೇಲ್ಭಾಗದಲ್ಲಿ ತಟ್ಟನೆ ನೋವು ಬಂದರೆ ಅದೇ ಗಳಿಗೆ ಆಸ್ಪತ್ರೆಗೆ ಕರೆದೊಯ್ಯಿರಿ. ಐಜಿಜಿ ಪಾಸಿಟಿವ್ ಎಂದು ಕಂಡು ಹೆದರಬೇಡಿ, ಅದನ್ನು ತೋರಿಸಿ ಔಷಧಿ ಮಾರುವವರಿಗೆ ದುಡ್ಡು ಕೊಡಬೇಡಿ. ರಿಪೋರ್ಟುಗಳನ್ನು ತಾರೀಖಿನ ಕ್ರಮದಲ್ಲಿ ಒಂದು ಫೈಲಿನಲ್ಲಿ ಇಡಿ.

ದೈಹಿಕ ಶಿಕ್ಷಕರಲ್ಲಿ ಒಂದು ವಿನಂತಿ. ಹುಡುಗರು ಜ್ವರ ಬಿಟ್ಟ ಮರುದಿನವೇ ಅಂಗಳಕ್ಕೆ ಇಳಿಯುತ್ತಾರೆ. ಈ ಜ್ವರ ಆಗಿತ್ತು ಎಂದು ಗೊತ್ತಾದರೆ ವೈದ್ಯರ ಚೀಟಿ ಇಲ್ಲದೆ ಕಬಡ್ಡಿಗೆ, ಖೋ ಖೋಗೆ ಸೇರಿಸಿಕೊಳ್ಳಬೇಡಿ. ತರಗತಿ ಶಿಕ್ಷಕರಿಗೂ ಒಂದು ಮಾತು. ಈ ಜ್ವರದ ಸುಸ್ತು ಕೆಲವರಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗೆ ಬೆಂಚಿಗೆ ತಲೆ ಇಟ್ಟ ಮಗು ಸೋಮಾರಿ ಎಂದುಕೊಳ್ಳಬೇಡಿ.

ಈ ಶಾಲೆಯ ಪ್ರಯೋಗಾಲಯಕ್ಕೆ ನಮ್ಮ ಬ್ಯಾಚಿನವರು ಸೇರಿ ಎರಡು ಸೂಕ್ಷ್ಮದರ್ಶಕ ಕೊಡುತ್ತಿದ್ದೇವೆ. ಅದರ ಜೊತೆಗೆ ನಾನು ಹೆಸರು ಅಳಿಸಿದ ಇಪ್ಪತ್ತು ಮಾದರಿ ರಕ್ತದ ರಿಪೋರ್ಟುಗಳನ್ನು ಕನ್ನಡದ ವಿವರಣೆಯೊಂದಿಗೆ ತಂದಿದ್ದೇನೆ. ಒಂಬತ್ತನೆಯ ತರಗತಿಯ ಮಕ್ಕಳು ವರ್ಷಕ್ಕೆ ಎರಡು ಪೀರಿಯಡ್ ಕೂತು ಅದನ್ನು ಓದಲಿ. ಮನೆಯಲ್ಲಿ ಅಪ್ಪ ಅಮ್ಮನಿಗೆ ರಿಪೋರ್ಟು ಬಂದಾಗ ವೈದ್ಯರಿಗೆ ಕೇಳಬೇಕಾದ ಮೂರು ಪ್ರಶ್ನೆಯನ್ನಾದರೂ ಆ ಮಗು ಬರೆದುಕೊಡಬಲ್ಲದು: ಇದು ಹೊಸದೋ ಹಳೆಯದೋ? ಈ ಉತ್ತರದಿಂದ ಚಿಕಿತ್ಸೆ ಬದಲಾಗುತ್ತದೆಯೇ? ಮತ್ತೆ ಯಾವಾಗ ಪರೀಕ್ಷೆ ಮಾಡಿಸಬೇಕು?

ಐವತ್ತು ವರ್ಷದಿಂದ ಈ ಶಾಲೆ "ಯಾಕೆ?" ಎಂದು ಕೇಳುವುದನ್ನು ಕಲಿಸಿದೆ. ಕನ್ನಡ ಮಾಧ್ಯಮದಲ್ಲಿ ಕಲಿತ ಆ ಒಂದು ಪದದಿಂದ ನನಗೆ ಅನ್ನ ಸಿಕ್ಕಿದೆ. ಕಲಿಸಿದ ಗುರುಗಳಿಗೆ, ಜಾಗ ಕೊಟ್ಟು, ಕಲ್ಲು ಹೊತ್ತು ಈ ಕಟ್ಟಡ ಕಟ್ಟಿದ ಊರಿನವರಿಗೆ ಶರಣು. ಪ್ರಶ್ನೆಗಳಿದ್ದರೆ ಊಟದ ಪಂಕ್ತಿಯಲ್ಲಿ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.